ಸಿಪ್ಪೆ ಭಾವ ಆಡಿದ ಮಾತು

ಹೋಟೆಲುಗಳ ಹಿಂಬಾಗಿಲಿನಿಂದ ಈರುಳ್ಳಿ ಸಿಪ್ಪೆಯನ್ನು ಚೀಲಗಟ್ಟಲೆ ಹೊತ್ತು ತರುತ್ತಿದ್ದ ಆ ಪ್ರಯೋಗಾಲಯದ ಸಹಾಯಕನಿಗೆ ಅವನ ನಾದಿನಿ ಇಟ್ಟ ಹೆಸರು ‘ಸಿಪ್ಪೆ ಭಾವ’. ಆಕೆ ದರ್ಜಿ, ಅಕ್ಕನ ಮನೆಯ ಮುಂಗೋಣೆಯಲ್ಲೇ ಅವಳ ಹೊಲಿಗೆ ಯಂತ್ರ. ಬೆರಳ ಗಂಟುಗಳು ಊದುವ ವ್ಯಾಧಿಯಿದ್ದರೂ ಮಾತ್ರೆಯ ಬಲದಿಂದ ಕತ್ತರಿ ಅವಳ ಕೈಯಲ್ಲಿ ಸಲೀಸಾಗಿ ಆಡುತ್ತಿತ್ತು.

ಸಿಪ್ಪೆಯನ್ನು ಮದ್ಯಸಾರದಲ್ಲಿ ನೆನೆಸಿ, ಸೋಸಿ, ಒಣಗಿಸಿ, ಅದರೊಳಗಿನ ಕ್ವೆರ್ಸೆಟಿನ್ ಎಂಬ ಫ್ಲೇವನಾಯ್ಡನ್ನು, ಅಂದರೆ ಸಸ್ಯದ ಹಳದಿ ಬಣ್ಣದ ಸಾರವನ್ನು, ಪುಡಿಯಾಗಿ ತೆಗೆಯುವುದು ಅವನ ಕಾಯಕ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳಿಗೆ ಅದನ್ನು ಹನಿಸಿದಾಗ ಊತವನ್ನು ಕೆರಳಿಸುವ ರಸಗಳು ತಗ್ಗಿದವು. ಪ್ರಯೋಗಾಲಯದಲ್ಲಿ ಇದಕ್ಕೆ ‘ಕೆಲಸ ಮಾಡ್ತು’ ಎನ್ನುವ ವಾಡಿಕೆ. ‘ತಟ್ಟೆಯಲ್ಲಿ’ ಎಂಬುದನ್ನು ಅಲ್ಲಿ ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ.

ಊಟದ ಹೊತ್ತಿನಲ್ಲಿ ಅವನು ಹೆಂಡತಿಯೆದುರು ಬೀಗಿದ: “ನಮ್ಮ ಪುಡಿ ಕೆಲಸ ಮಾಡ್ತು ಕಣೇ! ಊತ ಜರ್ರಂತ ಇಳೀತು.”

“ಹಾಗಾದ್ರೆ ನಾನೂ ಸಿಪ್ಪೆ ಕಷಾಯ ಕುಡೀಲಾ, ಸಿಪ್ಪೆ ಭಾವ?” ಎಂದಳು ನಾದಿನಿ.

“ಕುಡಿ, ಕುಡಿ. ಆಮೇಲೆ ಡಾಕ್ಟ್ರಿಗೇ ಪಾಠ ಹೇಳ್ಬಹುದು!”

ತಟ್ಟೆಯ ಸುದ್ದಿ ಎತ್ತಿದ್ದರೆ ಹೊಗಳಿಕೆ ಅರ್ಧಕ್ಕಿಳಿಯುತ್ತಿತ್ತು. ದೇವರು ಕೊಟ್ಟ ನಾಲಗೆ ಅದನ್ನು ನುಂಗಿಕೊಂಡಿತು.

ಅವನಿಗದು ತಮಾಷೆ, ಅವಳಿಗೆ ಭರವಸೆ. ಮಾತ್ರೆ ಮೂಲೆ ಸೇರಿತು, ಒಲೆಯ ಮೇಲೆ ಸಿಪ್ಪೆ ಕುದಿಯಿತು. ಕೆಲವೇ ವಾರಗಳಲ್ಲಿ ಕತ್ತರಿಯ ಹಿಡಿಯೊಳಗೆ ಬೆರಳು ತೂರದಾಯಿತು. ಭಾವ ಒಳಬಂದಾಗಲೆಲ್ಲ ಅವಳು ಕೈಗಳನ್ನು ಬಟ್ಟೆಯ ಕೆಳಗೆ ಬಚ್ಚಿಡುತ್ತಿದ್ದಳು, ತನ್ನ ಮೈಯೇ ಅವನ ಮಾತನ್ನು ಸುಳ್ಳು ಮಾಡಿತೇನೋ ಎಂಬ ಅಳುಕಿನಿಂದ. ಸೂಜಿಗೆ ದಾರ ಪೋಣಿಸಿಕೊಡೆಂದು ಅಕ್ಕನನ್ನು ಕರೆದ ದಿನ ಗುಟ್ಟು ರಟ್ಟಾಯಿತು. ಅವನೇ ಅವಳನ್ನು ಡಾಕ್ಟರ ಬಳಿ ಕರೆದೊಯ್ದ.

“ಮಾತ್ರೆ ಯಾಕಮ್ಮ ನಿಲ್ಲಿಸ್ದೆ? ಯಾರು ಹೇಳಿದ್ರು?”

“ಯಾರೂ ಇಲ್ಲ ಡಾಕ್ಟ್ರೇ, ಮರ್ತೋಯ್ತು.”

ಪಕ್ಕದಲ್ಲಿ ಕುಳಿತವನ ಕಿವಿ ಸುಟ್ಟಿತು. ಈ ಸುಳ್ಳಿನ ಮರೆಯಲ್ಲಿ ಸುಮ್ಮನೆ ಎದ್ದುಹೋಗಬಹುದಿತ್ತು.

ಡಾಕ್ಟರು ಅವನತ್ತ ತಿರುಗಿದರು. “ನೀವು ಲ್ಯಾಬಲ್ಲಿ ಇರೋರು. ನೀವಾದ್ರೂ ಒಂದ್ ಮಾತು ಹೇಳ್ಬಾರ್ದಿತ್ತಾ?”

“ಹೇಳಿದ್ದೇ ನಾನು,” ಎಂದ ಅವನು, ಮೇಜಿನ ಮೇಲಿದ್ದ ಆ ಊದಿದ ಬೆರಳುಗಳನ್ನು ನೋಡುತ್ತ. “ಗಾಜಿನ ತಟ್ಟೇಲಿ ಆಗಿದ್ದನ್ನ ಮೈಯಲ್ಲೇ ಆಯ್ತು ಅನ್ನೋ ಹಾಗೆ ಹೇಳ್ದೆ. ಮೈಯಲ್ಲಿ ಏನಾಗುತ್ತೋ ನಂಗೆ ಗೊತ್ತಿರಲಿಲ್ಲ.”

ನಾದಿನಿ ಮೆಲ್ಲನೆ ಕೈಗಳನ್ನು ಮಡಿಲಿಗೆಳೆದುಕೊಂಡಳು.

ಹೊರಗೆ ಮೆಟ್ಟಿಲಿಳಿಯುವಾಗ ಅವನು ಆಸರೆಗೆ ತೋಳು ನೀಡಿದ. “ಬೇಡ ಭಾವ, ನಾನೇ ಇಳೀತೀನಿ,” ಎಂದಳು. ಬರಿಯ ‘ಭಾವ’. ಅದರ ಹಿಂದಿನ ‘ಸಿಪ್ಪೆ’ ಅವಳ ಬಾಯಿಂದ ಬರಲಿಲ್ಲ.