ಮಾವನವರ ಕ್ಯಾಸೆಟ್ಟಿನ ಕೊನೆಯ ಮಾತು

ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ. ಮುಂಬಯಿಯ ಸಯನ್‌ನ ನಮ್ಮ ಫ್ಲ್ಯಾಟಿನ ಒಳಕೋಣೆಯಲ್ಲಿ ಹಾಜರಿದ್ದವರು ನಾನು ಮತ್ತು ನನ್ನ ಹೆಂಡತಿ. ಅವಳ ತಮ್ಮ ದಹಿಸರ್‌ನಿಂದ ಬಂದಾಗ ಹತ್ತಾಗಿತ್ತು.

"ಮೆಗಾಬ್ಲಾಕ್ ಇತ್ತು ಭಾವ."

ಭಾನುವಾರ ಲೋಕಲ್‌ಗಳಿಗೆ ಮೆಗಾಬ್ಲಾಕ್ ಇರುತ್ತದೆ, ಹಳಿ ರಿಪೇರಿಗೆ ರೈಲು ನಿಲ್ಲಿಸುತ್ತಾರೆ ಎಂಬುದು ಐವತ್ತು ದಾಟಿದ ಅವನಿಗೆ ಪ್ರತಿ ವಾರವೂ ಹೊಸ ಸುದ್ದಿ.

ವಿಷಯ ಮಾವನವರ ಭಜನೆಯ ಕ್ಯಾಸೆಟ್ಟಿನದು. ವರ್ಷಗಳ ಹಿಂದೆ ಒಂದು ಸಂಜೆ ಇದೇ ಕೋಣೆಯಲ್ಲಿ ಹೆಂಡತಿ ಅದನ್ನು ರೆಕಾರ್ಡ್ ಮಾಡಿದ್ದಳು. ಹಾಡು ಮುಗಿದ ಮೇಲೆ ಅವರು ಏನೋ ಹೇಳುತ್ತಾರೆ. ಅದು ಆಶೀರ್ವಾದ ಎಂದು ಅವಳ ನಂಬಿಕೆ. ಕೇಳಿಸುತ್ತಿದ್ದುದು ಮಾತ್ರ ಸ್ಟೇಷನ್ನಿನ ಪ್ರಕಟಣೆಯಂತೆ ಬರೀ ಗದ್ದಲ. ಹೊಸ ಸ್ಪೀಕರ್ ತಂದರೂ ಮಾತು ಬಿಡಿಸಿ ಕೇಳಿಸಲಿಲ್ಲ. ದೋಷ ಕೋಣೆಯದು ಎಂದು, ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಕೆಲಸ ಮಾಡುವ ಅವಳ ತಮ್ಮ ತೀರ್ಪು ಕೊಟ್ಟಿದ್ದ.

ನಾನು ಶನಿವಾರವೇ ತಯಾರಿ ನಡೆಸಿದ್ದೆ. ಮಾಟುಂಗದ ಹೋಟೆಲಿನಲ್ಲಿ ಇಡೀ ಆಯುಷ್ಯ ಮ್ಯಾನೇಜರ್ ಆಗಿದ್ದವನಿಗೆ, ಕೆಲಸ ಹಿಡಿಯುವ ಮೊದಲು ಜಾಗ ಖಾಲಿ ಮಾಡಬೇಕೆಂದು ಯಾರೂ ಕಲಿಸಬೇಕಾಗಿಲ್ಲ. ಹಾಸಿಗೆ, ಪರದೆ, ಜಮಖಾನೆ, ಪುಸ್ತಕದ ಕಪಾಟು ಎಲ್ಲ ಹೊರಗೆ. ನೆಲವನ್ನು ಎರಡು ಸಲ ಒರೆಸಿದ್ದೆ.

ಅವಳ ತಮ್ಮ ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದ. ಕೋಣೆ ನಾಲ್ಕು ತಟ್ಟಿತು.

"ಭಾವ, ಬಾತ್‌ರೂಮ್ ಮಾಡಿಟ್ಟಿದ್ದೀರಲ್ಲ! ಆವಾಜ್ ಹೀರಿಕೊಳ್ಳೋ ಸಾಮಾನೆಲ್ಲ ನೀವೇ ಹೊರಗೆ ಹಾಕಿದ್ದೀರಿ."

"ಸ್ವಚ್ಛತೆ ನಿನ್ನ ವಿದ್ಯೆಗೆ ವಿರುದ್ಧವೋ?"

"ಪೂರಾ ವಿರುದ್ಧ. ಗಾದಿ ವಾಪಸ್ ತನ್ನಿ."

ಎಲ್ಲವೂ ಮೆರವಣಿಗೆಯಲ್ಲಿ ಮರಳಿ ಬಂದವು. ಆಮೇಲೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಅಕ್ಕನ ಕನ್ನಡಿಯನ್ನು ಗೋಡೆಗುಂಟ ಸರಿಸುತ್ತ ಹೋದ. ನನಗೆ ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗಕ್ಕೇ ಸದ್ದು ಬಡಿದು ಕಿವಿಗೆ ಬರುತ್ತದಂತೆ. ಅಲ್ಲಿ ಅವನು ತಂದಿದ್ದ, ನಾರು ತುಂಬಿ ಬಟ್ಟೆ ಹೊದಿಸಿದ ಪ್ಯಾನೆಲ್ ತೂಗುಹಾಕಬೇಕು. ಎಡಗೋಡೆ ತಕರಾರು ಮಾಡಲಿಲ್ಲ. ಬಲಗೋಡೆಯಲ್ಲಿ ಆ ಜಾಗ ಬಿದ್ದದ್ದು ಗಂಧದ ಹಾರ ಹಾಕಿದ, ಗಾಜಿನ ಚೌಕಟ್ಟಿನ ಮಾವನವರ ಫೋಟೋದ ಮೇಲೆ. ಶನಿವಾರ ನಾನು ಗೋಡೆಯ ಮೇಲೆ ಮುಟ್ಟದೆ ಬಿಟ್ಟದ್ದು ಅದನ್ನು ಮತ್ತು ಗಡಿಯಾರವನ್ನು ಮಾತ್ರ. ಬದುಕಿದ್ದಾಗ ಯಾರ ಮಾತಿಗೂ ಅಡ್ಡ ಬಾರದವರು, ಈಗ ತಮ್ಮದೇ ಮಾತಿಗೆ ಅಡ್ಡ ನಿಂತಿದ್ದರು.

"ಅಪ್ಪನ್ನ ತೆಗೀಲಿಕ್ಕಿಲ್ಲ," ಎಂದಳು ಹೆಂಡತಿ.

"ಅಕ್ಕ, ಅಪ್ಪ ಏನು ಹೇಳಿದ್ರು ಅಂತ ಗೊತ್ತಾಗ್ಬೇಕಾ, ಬೇಡ್ವಾ? ಬೋಲೋ."

ಅವಳು ತಾನೇ ಸ್ಟೂಲು ಹತ್ತಿ ಫೋಟೋ ಇಳಿಸಿ, ಮಡಿಲಲ್ಲಿ ಇಟ್ಟುಕೊಂಡು ಕುಳಿತಳು.

ಪ್ಯಾನೆಲ್‌ಗಳನ್ನು ತೂಗುಹಾಕಿ ಮುಗಿಸುವಾಗ ನಾಲ್ಕು ಗಂಟೆ. ಕ್ಯಾಸೆಟ್ ಹಾಕಿದೆವು. ಭಜನೆ ಮುಗಿಯಿತು. ಮಾವನವರು ಪಕ್ಕದಲ್ಲೇ ಕೂತಂತೆ ಹೇಳಿದರು:

"ಸಾಕು ಮಗಾ, ಬಂದ್ ಮಾಡು. ಅಳಿಯಂದಿರು ಗಡಿಯಾರ ನೋಡ್ಲಿಕ್ಕೆ ಸುರು ಮಾಡಿದ್ರು. ಇನ್ನೊಂದು ಪದ ಇತ್ತು, ಇರ್ಲಿ."

ಅವಳ ತಮ್ಮ ಮೇಲಿನ ಛಾವಣಿಯನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸತೊಡಗಿದ. ಹೆಂಡತಿ ನಗಲಿಲ್ಲ.

"ಇನ್ನೊಂದು ಭಜನೆ ಇತ್ತಂತೆ," ಎಂದಳು, ಅಷ್ಟೇ.

ಆ ಕೋಣೆಯಲ್ಲಿ ಈಗ ಆಡಿದ್ದೆಲ್ಲ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಒಂದು ಕೆಲಸ ಬಾಕಿ ಇತ್ತು. ಸ್ಪೀಕರ್‌ಗಳ ಮೇಲೆ, ಕುರ್ಚಿಯ ಎದುರಿಗೆ ಇದ್ದ ಗೋಡೆ ಗಡಿಯಾರವನ್ನು ಇಳಿಸಿ, ಅದೇ ಮೊಳೆಗೆ ಮಾವನವರ ಫೋಟೋ ತೂಗುಹಾಕಿದೆ.