ಸಬ್ಹಾನಿನ ಶೆಡ್ಡಿನಲ್ಲಿ ಚಳಿನಾಡಿನ ಸೋಯಾ

೧೯೯೦ರ ಆರಂಭದಲ್ಲಿ ನಾನು ಕುವೈತಿನ ಸಬ್ಹಾನ್‌ನಲ್ಲಿ ಕೋಳಿ ಆಹಾರದ ಕಾರ್ಖಾನೆಯೊಂದರ ಕೃಷಿ ತಜ್ಞನಾಗಿದ್ದೆ. ಹಡಗಿನಲ್ಲಿ ಬರುವ ಸೋಯಾ ಹಿಂಡಿಯನ್ನು ಪರೀಕ್ಷಿಸುವುದಷ್ಟೇ ಕೆಲಸ. ಅಷ್ಟರಲ್ಲಿ ಮಾಲೀಕ ಅಬು ಫಹಾದ್ ಉತ್ತರ ಯುರೋಪಿನಲ್ಲಿ ಜಮೀನು ಕೊಂಡರು. ಹಿಂಡಿ ಕೊಳ್ಳುವ ಬದಲು ಸೋಯಾ ಅವರೆಯನ್ನೇ ಬೆಳೆಯುವ ಹಂಬಲ. ಆ ಸೀಮೆಯಲ್ಲಿ ಅದನ್ನು ಬೆಳೆದವರೇ ಇರಲಿಲ್ಲ. ಮರುವರ್ಷದ ಬಿತ್ತನೆಗೆ ತಳಿ ಆರಿಸುವ ಹೊಣೆ ನನ್ನ ತಲೆಗೆ ಬಂತು.

ಸೆಕೆಯ ನಾಡಿನವರಿಗೆ ಎಲ್ಲ ಕಷ್ಟಕ್ಕೂ ಎ.ಸಿ.ಯೇ ಮದ್ದು. ಗಾಜಿನ ಛಾವಣಿಯ ಶೆಡ್ಡಿಗೆ ಎ.ಸಿ. ಹಾಕಿಸಿ, "ಇದೇ ಯುರೋಪ್, ಮುಹಂದಿಸ್" ಎಂದರು ಅಬು ಫಹಾದ್. ಇಂಜಿನಿಯರ್ ಎಂಬರ್ಥದಲ್ಲಿ ಅವರು ನನ್ನನ್ನು ಕರೆಯುತ್ತಿದ್ದುದು ಹಾಗೆ. ಚಳಿಗಾಲದಲ್ಲಿ ಎರಡು ತಳಿ ಬಿತ್ತಿದೆವು. ಒಂದು ದೊಡ್ಡದಾಗಿ ಬೆಳೆದು ಮೈತುಂಬ ಕಾಯಿ ಹೊತ್ತಿತು. ಇನ್ನೊಂದು ಗಿಡ್ಡ, ಕಾಯಿಯೂ ಕಮ್ಮಿ.

"ಖಲಾಸ್, ತೀರ್ಮಾನವಾಯ್ತು! ದೊಡ್ಡದನ್ನೇ ತರಿಸೋಣ" ಎಂದರು ಅಬು ಫಹಾದ್.

ನನಗೆ ಸಮಾಧಾನವಾಗಲಿಲ್ಲ. ಸೋಯಾ ಬರೀ ಚಳಿ ನೋಡುವ ಬೆಳೆಯಲ್ಲ, ಹಗಲನ್ನೂ ನೋಡುತ್ತದೆ. ಅನೇಕ ತಳಿಗಳು ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡುತ್ತವೆ. ಉತ್ತರದ ಬೇಸಿಗೆಯ ಹಗಲೋ ಬಲು ದೀರ್ಘ. ಅಲ್ಲಿ ಅಂಥ ತಳಿ ಎಲೆ ಬಿಡುತ್ತಲೇ ಇರುತ್ತದೆ. ಕಾಯಿ ಬಲಿಯುವ ಮೊದಲೇ ಹಿಮ ಬೀಳುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ.

"ಚಳಿ ತಂದಿದ್ದೀವಿ, ಅಲ್ಲಿನ ಹಗಲು ತಂದಿಲ್ಲ. ಸಂಜೆ ಮೇಲೂ ಟ್ಯೂಬ್‌ಲೈಟ್ ಉರಿಸಬೇಕು" ಎಂದೆ.

ಉಡುಪಿ ಕಡೆಯ ಸ್ಟೋರ್‌ಕೀಪರ್ ಸದಾನಂದ ಶೆಟ್ಟರು ನಕ್ಕರು. "ಎಂತ ಮಾರಾಯ್ರೆ, ಗಿಡಕ್ಕೂ ಓವರ್‌ಟೈಮಾ?"

ಆದರೂ ಲೈಟು ಕಟ್ಟಿಸಿಕೊಟ್ಟರು. ಎರಡನ್ನೂ ಮತ್ತೆ ಬಿತ್ತಿದೆವು. ಜುಲೈ ಕೊನೆಗೆ ಗಿಡ್ಡದರಲ್ಲಿ ಕಾಯಿ ತುಂಬುತ್ತಿತ್ತು. ದೊಡ್ಡದರಲ್ಲಿ ಒಂದು ಹೂವೂ ಇಲ್ಲ. ಬೇಸಿಗೆ ಕಳೆಯಲು ಯುರೋಪಿಗೆ ಹೋಗಿದ್ದ ಅಬು ಫಹಾದ್ ಮರಳಿದಾಗ ತೋರಿಸಬೇಕೆಂದಿದ್ದೆ.

ಆಗಸ್ಟ್ ಎರಡರಂದು ಇರಾಕಿನ ಸೇನೆ ನುಗ್ಗಿತು. ಹೊರದೇಶಕ್ಕೆ ಫೋನ್ ನಿಂತಿತು. ಕೆಲವೇ ದಿನಗಳಲ್ಲಿ ಸೈನಿಕರು ಎ.ಸಿ.ಗಳನ್ನು ಕಿತ್ತೊಯ್ದರು, ಗಿಡಗಳು ಶೆಡ್ಡಿನಲ್ಲೇ ಬೆಂದುಹೋದವು. ನಾನೂ ಶೆಟ್ಟರೂ ಬಸ್ಸಿನಲ್ಲಿ ಬಾಗ್ದಾದ್ ದಾಟಿ ಅಮ್ಮಾನ್ ತಲುಪಿದೆವು. ಮನೆಗೆ ಫೋನ್ ಮಾಡಿ, ಯುರೋಪಿನಲ್ಲಿದ್ದ ಅಬು ಫಹಾದ್‌ಗೂ ಮಾಡಲು ಮತ್ತೆ ಸಾಲಿನಲ್ಲಿ ನಿಂತೆ.

"ಸಂಬಳಕ್ಕೇ ಗತಿ ಇಲ್ಲ. ಅವರ ಅವರೆಯ ಚಿಂತೆ ನಿಮಗೆ ಯಾಕೆ?" ಎಂದರು ಶೆಟ್ಟರು.

ಗೊತ್ತಿದ್ದೂ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ, ಅಷ್ಟೆ.

ಅಬು ಫಹಾದರ ದನಿ ಇಳಿದುಹೋಗಿತ್ತು. "ಮುಹಂದಿಸ್, ನನಗೆ ಉಳಿದಿರೋದು ಈ ಜಮೀನೊಂದೇ. ಮನೆಮಂದಿಯೆಲ್ಲ ಇದನ್ನೇ ನೆಚ್ಚಿದ್ದಾರೆ. ದೊಡ್ಡ ಬೆಳೆಯೇ ಬೇಕು."

"ದೊಡ್ಡದು ಬೇಡ, ಬಾಬಾ. ಅಲ್ಲಿ ಅದು ಬಲಿಯೋದಿಲ್ಲ. ಗಿಡ್ಡದನ್ನೇ ಬಿತ್ತಿ."

ಅಷ್ಟರಲ್ಲಿ ಲೈನ್ ಕಡಿಯಿತು.

೧೯೯೧ರ ಅಕ್ಟೋಬರ್ ಕೊನೆಯಲ್ಲಿ ಕುವೈತಿಗೆ ಮರಳಿದೆ. ಎಣ್ಣೆಬಾವಿಗಳ ಹೊಗೆ ಇನ್ನೂ ಪೂರ್ತಿ ಹೋಗಿರಲಿಲ್ಲ. ಬರಿದಾದ ಕಾರ್ಖಾನೆಯಲ್ಲಿ ಅಬು ಫಹಾದ್ ಒಬ್ಬರೇ ಕುಳಿತಿದ್ದರು. ಬಹಳ ಮುದುಕರಾಗಿದ್ದರು.

"ಗಿಡ್ಡದನ್ನೇ ಬಿತ್ತಿದೆ. ಬಹಳ ಕಡಿಮೆ ಬಂತು, ಮುಹಂದಿಸ್."

"ಬಂತಲ್ಲ, ಬಾಬಾ" ಎಂದೆ.

ಅವರು ನನ್ನ ಕೈ ಹಿಡಿದರು, ಬಹಳ ಹೊತ್ತು ಬಿಡಲಿಲ್ಲ. ಬೆಳೆ ಎಷ್ಟು ಕೊಡುತ್ತದೆ ಎಂದು ಕೇಳುವ ಮೊದಲು, ಹಿಮಕ್ಕೆ ಮುಂಚೆ ಕೊಡುತ್ತದೆಯೇ ಎಂದು ಕೇಳಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ.