ಒಲೆಯನ್ನೂ ಮಾತಾಡಿಸುತ್ತಿದ್ದ ಜೈನಾಬಿ

ಜೈನಾಬಿ ಉರಿಯುವ ಒಲೆಯನ್ನೂ ಬಿಡದೆ ಮಾತಾಡಿಸುತ್ತಿದ್ದಳು. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಬೆಳಗಿನ ಕೆಲಸ ಅವಳದು. ಮಧ್ಯಾಹ್ನ ಮನೆಗೆ ಬಂದರೂ ಬಾಯಿಗೆ ಬಿಡುವಿಲ್ಲ. "ಯಾಕವ್ವ, ಇವತ್ತು ಮೊಟ್ಟೆ ಇಡಲ್ಲೇನು?" ಎಂದು ಕೋಳಿಯನ್ನು ಕೇಳುವಳು, ಉತ್ತರವನ್ನೂ ತಾನೇ ಹೇಳುವಳು. ಪಕ್ಕದ ಮನೆಯ ನನಗೆ ಅದೊಂದು ತಲೆನೋವಾಗಿತ್ತು.

ನಮ್ಮ ಯಜಮಾನರು ಹತ್ತಿ ಗಿರಣಿಯಲ್ಲಿ ರಾತ್ರಿ ಪಾಳಿ ಮಾಡಿ ಬಂದು ಹಗಲೆಲ್ಲ ಮಲಗುತ್ತಿದ್ದರು. ಎಪ್ಪತ್ತರ ದಶಕದ ಕೊನೆ. ಗಿರಣಿ ಮುಚ್ಚುತ್ತದೆಂಬ ಗುಲ್ಲು. ನಿದ್ದೆ ಕೆಟ್ಟರೆ ಅವರು ರೇಗುತ್ತಿದ್ದರು, ಅವರು ರೇಗಿದರೆ ನಾನು ಹೆದರಿ ಅಡುಗೆಮನೆ ಸೇರುತ್ತಿದ್ದೆ. ಮಗಳು ಶೋಭಾ ತೊದಲಲು ಬಾಯಿ ತೆರೆದರೆ ಸಾಕು, ಅಂಗೈಯಿಂದ ಮುಚ್ಚುತ್ತಿದ್ದೆ. ಎಷ್ಟು ಜಾಣ ಮಗು, ಸದ್ದೇ ಇಲ್ಲ ಎಂದು ಓಣಿಯವರು ಹೊಗಳಿದರೆ ಬೀಗುತ್ತಲೂ ಇದ್ದೆ. ಮೂರು ತುಂಬಿದರೂ ಅವಳಿಗೆ ಮಾತು ಬರಲಿಲ್ಲ. ಬಜೆ ತೇಯ್ದು ನಾಲಿಗೆಗೆ ಹಚ್ಚಿದೆ, ಹರಕೆ ಹೊತ್ತೆ.

ಒಂದು ದಿನ ಜೈನಾಬಿ ಏನೋ ಕೇಳಿದಾಗ ಶೋಭಾ ತುಟಿಯ ಮೇಲೆ ಬೆರಳಿಟ್ಟು "ಶ್" ಎಂದಳು. ನಾನು ನಕ್ಕೆ. ಜೈನಾಬಿ ನಗಲಿಲ್ಲ.

"ಮಗೀನ ನಾಲಿಗೆ ಛಲೋ ಐತೆ ತಂಗಿ. ಹೆದ್ರಿಕೆ ನಿನ್ನ ಮನ್ಯಾಗೈತೆ. ಬಜೆ ಬ್ಯಾಡ, ಮಧ್ಯಾಹ್ನ ನನ್ ಹತ್ರ ಬಿಡು."

ಬಿಟ್ಟೆ. ಅವಳು ಮಗುವಿಗೆ ಒಂದು ಮಾತು ಹೇಳಿ, ಅದು ಏನಾದರೂ ಅನ್ನುವವರೆಗೆ ಸುಮ್ಮನೆ ಮುಖ ನೋಡುತ್ತ ಕೂರುತ್ತಿದ್ದಳು. ಅಂಥ ಬಾಯಿಬಡುಕಿ ಹೀಗೆ ಕಾಯಬಲ್ಲಳೆಂದು ನಾನು ಎಣಿಸಿರಲಿಲ್ಲ. ಎರಡು ತಿಂಗಳಲ್ಲಿ ಶೋಭಾ ಬಾಯಿ ಬಿಟ್ಟಳು. "ಅಮ್ಮಾ" ಎಂದು ಮೊದಲು ಕರೆದದ್ದು ಜೈನಾಬಿಯನ್ನು, ನನ್ನನ್ನಲ್ಲ.

ನನಗೆ ಹೊಟ್ಟೆ ಉರಿಯಿತು. ಗಿರಣಿಯ ಚಿಂತೆಯನ್ನೆಲ್ಲ ಅವಳ ಮೇಲೆ ಕಾರಿದೆ. "ಇನ್ಮ್ಯಾಲೆ ನನ್ನ ಮಗಳನ್ನ ಮಾತಾಡಿಸಬ್ಯಾಡ್ರಿ" ಎಂದುಬಿಟ್ಟೆ. ಅವಳು ಮಗುವನ್ನು ಕಂಕುಳಿಂದ ಇಳಿಸಿ ಒಳಗೆ ಹೋದಳು. ಮುಂದೆ ಕೆಲವೇ ತಿಂಗಳಲ್ಲಿ ಮಗಳ ಮನೆಗೆಂದು ಹರಿಹರಕ್ಕೆ ಹೊರಟಳು. ತಡೆಯಲು ನಾನು ಹೋಗಲಿಲ್ಲ.

ಎರಡು ವರ್ಷದ ಮೇಲೆ, ತಪ್ಪಾಯಿತು ಎನ್ನಬೇಕೆಂದೇ ಶೋಭಾಳನ್ನು ಕರೆದುಕೊಂಡು ಹರಿಹರಕ್ಕೆ ಹೋದೆ. ಜೈನಾಬಿ ತೀರಾ ಬಡಕಲಾಗಿದ್ದಳು. "ಬರ್ರಿ, ಕೂಡ್ರಿ" ಎಂದು ಚಾಪೆ ಹಾಸಿದಳು. ತಂಗಿ ಎನ್ನಲಿಲ್ಲ. ಶೋಭಾ ಬಸ್ಸಿನಲ್ಲಿ ಕಂಡದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಜೈನಾಬಿ ಕಣ್ಣರಳಿಸಿ ಕೇಳಿದಳೇ ಹೊರತು ತುಟಿ ಪಿಟಕ್ಕೆನ್ನಲಿಲ್ಲ. ಮಗು ಅವಳ ಗಲ್ಲ ಹಿಡಿದು "ಯಾಕ ಸುಮ್ಕಿದ್ದಿ?" ಎಂದು ಕೇಳಿತು.

ಆಗ ಅವಳು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು, "ಮಾತಾಡಿಸ್ಲೇನ್ರಿ?"

ನಾನು ಹೂಂ ಎಂದೆ. ಹೇಳಲು ಹೋದದ್ದನ್ನು ಹೇಳದೆ ಸಂಜೆ ಬಸ್ಸು ಹತ್ತಿದೆ. ಮುಂದಿನ ರಂಜಾನಿಗೆ ಅವಳು ಇರಲಿಲ್ಲ.